ಸುಮ್ಮನಿದ್ದಾಗ ಎಪ್ಪತ್ತನಾಲ್ಕು

ಬೆಳಿಗ್ಗೆ ಹತ್ತೂಕಾಲಿಗೆ ಕಂಪ್ಯೂಟರ್ ಮೂರನೇ ಸಲ ತಾನಾಗಿಯೇ ಆರಿಹೋಯಿತು. ಕರೆಂಟ್ ಹೋಗಿರಲಿಲ್ಲ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಅಡುಗೆಮನೆಯಲ್ಲಿ ಅತ್ತೆಯ ರೇಡಿಯೋ ಮಾತಾಡುತ್ತಿತ್ತು. ಕೈಕೊಟ್ಟದ್ದು ಇದೊಂದೇ.

ಸೊಸೆ ಕುರ್ಚಿಯಿಂದ ಏಳದೆ ಗೋಡೆಯ ಗಡಿಯಾರ ನೋಡಿದಳು. ಸಂಜೆ ಐದಕ್ಕೆ ಇನ್ನು ಏಳು ಗಂಟೆಯೂ ಇರಲಿಲ್ಲ.

ಕಿವಿ ಕೇಳದ ಮಕ್ಕಳಿಗಾಗಿ ಪಾಠದ ವಿಡಿಯೋ ಮಾಡುವ ಸಂಸ್ಥೆಯೊಂದು ಅವಳಿಗೆ ಪರೀಕ್ಷೆಗೆಂದು ನಲವತ್ತು ನಿಮಿಷದ ಪಾಠ ಕೊಟ್ಟಿತ್ತು. ಮೇಷ್ಟ್ರು ಆಡಿದ ಮಾತೆಲ್ಲ ಚಿತ್ರದ ಕೆಳಗೆ ಅಕ್ಷರವಾಗಿ, ಸರಿಯಾದ ಹೊತ್ತಿಗೆ ಮೂಡಿ ಸರಿಯಾದ ಹೊತ್ತಿಗೆ ಮಾಯವಾಗಬೇಕು. ಇವತ್ತು ಐದರೊಳಗೆ ಕಳಿಸಿದರೆ ಮನೆಯಲ್ಲೇ ಕೂತು ಮಾಡುವ ಕೆಲಸ. ಇಲ್ಲದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ. ಮಗುವಾದ ಮೇಲೆ ಎರಡು ವರ್ಷ ಕೆಲಸವಿಲ್ಲದೆ ಕೂತಿದ್ದವಳು ಒಂಬತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ಅಕ್ಷರ ಕೂರಿಸಿದ್ದಳು. ಅವಳ ಪಾಲಿನ ಕೆಲಸ ಮುಗಿದಿತ್ತು. ಉಳಿದದ್ದು ಯಂತ್ರದ ಪಾಲು: ಚಿತ್ರವನ್ನೂ ಅಕ್ಷರವನ್ನೂ ಬೆರೆಸಿ ಒಂದೇ ಫೈಲು ಮಾಡಿ ಹೊರಗೆ ಕೊಡುವುದು. ಅದಕ್ಕೆ ಎರಡು ಗಂಟೆಗೂ ಹೆಚ್ಚು ಬೇಕು. ನಡುವೆ ಆರಿದರೆ ಮತ್ತೆ ಮೊದಲಿನಿಂದ.

"ಮತ್ತೆ ಹೋಯ್ತಾ?"

ಮಾವ ಬಾಗಿಲಲ್ಲಿ ನಿಂತಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಗಡಿಯಾರ ರಿಪೇರಿಯ ಅಂಗಡಿ. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು ಹಾಗೇ ಎದ್ದು ಬಂದಿದ್ದರು.

"ಹೋಯ್ತು ಮಾವ. ಮೂರು ಪರ್ಸೆಂಟ್ ಆಗಿತ್ತಷ್ಟೇ."

"ಕಂಪ್ಯೂಟರ್ ಅಂಗಡಿಯವನು ಏನಂದ?"

"ತಂದು ಬಿಟ್ಟು ಹೋಗಿ, ಮೂರು ದಿನ ಆಗತ್ತೆ ಅಂದ. ಎಷ್ಟು ವರ್ಷದ್ದು ಅಂದ. ಆರು ಅಂದೆ. ಹಾಗಾದ್ರೆ ಹೊಸದೇ ತಗೊಳ್ಳಿ ಅಂದ."

"ಆರು ವರ್ಷಕ್ಕೆಲ್ಲ ಹೊಸದು ತರೋದಾಗಿದ್ರೆ ನಿಮ್ಮತ್ತೆ ನನ್ನನ್ನ ಯಾವತ್ತೋ ಬದಲಾಯಿಸ್ತಿದ್ಳು."

"ಅಂಗಡಿ ಎಲ್ಲಿದೆ ಅಂತ ಗೊತ್ತಿರ್ಲಿಲ್ಲ, ಅದಕ್ಕೇ ಉಳ್ಕೊಂಡ್ರಿ," ಅಡುಗೆಮನೆಯಿಂದ ಉತ್ತರ ಬಂತು.

ಮಾವ ಸ್ಟೂಲು ಎಳೆದುಕೊಂಡು ಕೂತರು. ಜೇಬಿನಿಂದ ರಿಪೇರಿ ಚೀಟಿ ತೆಗೆದು ಹಿಂಬದಿಯಲ್ಲಿ ಒಂದು ಗೀಟು ಹಾಕಿದರು. ನಿಂತ ಗಡಿಯಾರ ಕೈಗೆ ಬಂದಾಗ ಅವರು ಮಾಡುವ ಮೊದಲ ಕೆಲಸ ಇದೇ. ಯಾವುದರಿಂದ ನಿಂತಿರಬಹುದು ಎಂದು ಬರೆದು, ಒಂದೊಂದನ್ನೇ ನೋಡಿ ಹೊಡೆದುಹಾಕುವುದು.

"ಚಾಲೂ ಮಾಡು. ಕೆಲಸ ಏನೂ ಕೊಡ್ಬೇಡ. ಸುಮ್ನೆ ಬಿಡು, ನೋಡೋಣ."

ಅವಳು ಚಾಲೂ ಮಾಡಿ, ಒಳಗಿನ ಬಿಸಿ ತೋರಿಸುವ ಪ್ರೋಗ್ರಾಂ ತೆರೆದಳು. ಅರವತ್ತೆಂಟು. ಎಪ್ಪತ್ತು. ಎಪ್ಪತ್ತಮೂರು. ಎಪ್ಪತ್ತನಾಲ್ಕಕ್ಕೆ ಬಂದು ಅಲ್ಲೇ ಬೀಡುಬಿಟ್ಟಿತು.

"ಕಡ್ಡಿ ಎತ್ತಿ ಅತ್ಲಾಗೆ ಇಡದೆ ಕೂತವನಿಗೆ ಇಷ್ಟು ಜ್ವರ ಯಾಕೆ? ಎಷ್ಟಿರ್ಬೇಕು ಇದು?"

"ಸುಮ್ನಿದ್ದಾಗ ನಲವತ್ತರ ಹತ್ರ ಇದ್ರೆ ಒಳ್ಳೇದು ಅಂತಾರೆ. ಕೆಲಸ ಕೊಟ್ಟಾಗ ನೂರರ ಹತ್ರ ಹೋದ್ರೆ ಸುಟ್ಟುಹೋಗ್ಬಾರ್ದು ಅಂತ ತಾನೇ ಆರ್ಕೊಳ್ಳತ್ತೆ."

"ಅಂದ್ರೆ ಶುರುವಿಗೇ ಮುಕ್ಕಾಲು ದಾರಿ ನಡೆದುಬಿಟ್ಟಿದೆ. ಮೊದ್ಲು ಎಷ್ಟಿರ್ತಿತ್ತು?"

ಸೊಸೆ ಪರದೆಯ ಮೂಲೆ ನೋಡಿದಳು. "ಗಮನಿಸಿರ್ಲಿಲ್ಲ ಮಾವ."

ಅದು ಸುಳ್ಳು. ಮೊದಲು ಮೂವತ್ತೊಂಬತ್ತು ಇತ್ತು. ಎರಡು ತಿಂಗಳ ಹಿಂದೆ ಫ್ಯಾನು ಗೊರಗೊರ ಅಂದಾಗ ಮಾವ, ನಾನಿರುವಾಗ ಅಂಗಡಿ ಯಾಕೆ ಎಂದು ಇಡೀ ಭಾನುವಾರ ಕೂತು ಕಂಪ್ಯೂಟರಿನ ಡಬ್ಬ ಬಿಚ್ಚಿ, ಲೆಕ್ಕವೆಲ್ಲ ಮಾಡುವ ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಇಳಿಸುವ ಕೂಲರನ್ನೂ ಕಳಚಿ ಒರೆಸಿ ಮತ್ತೆ ಜೋಡಿಸಿದ್ದರು. ತೆಗೆದ ಧೂಳನ್ನು ಕಾಗದದ ಮೇಲಿಟ್ಟು ಬೀದಿಯವರಿಗೆಲ್ಲ ತೋರಿಸಿದ್ದರು. ಅದೇ ಸಂಜೆ ಅವಳು ನೋಡಿದಾಗ ಅರವತ್ತೆರಡು. ಸೆಕೆ ಬಲಿತ ಹಾಗೆಲ್ಲ ಅದೂ ಏರಿತ್ತು. ಅಕ್ಷರ ಕೂರಿಸುವಂಥ ಹಗುರ ಕೆಲಸಕ್ಕೆ ಯಂತ್ರ ಹೇಗೋ ತಡೆದುಕೊಂಡಿತ್ತು, ಅವಳೂ ಬಾಯಿ ಬಿಟ್ಟಿರಲಿಲ್ಲ. 'ನೀನು ಕೆಲಸಕ್ಕೆ ಸೇರು, ಮಗೂನ ನಾನು ನೋಡ್ಕೋತೀನಿ' ಎಂದು ಈ ಮನೆಯಲ್ಲಿ ಮೊದಲು ಹೇಳಿದವರು ಮಾವ. ಅವರ ಮುಖಕ್ಕೆ ನಿಂತು ನೀವು ಕೆಡಿಸಿದಿರಿ ಎನ್ನುವುದು ಹೇಗೆ?

ಮಾವ ಚೀಟಿಯಲ್ಲಿ ಬರೆಯತೊಡಗಿದ್ದರು. ಮೊದಲನೆಯದು: ಅಂಕಿಯೇ ಸುಳ್ಳು ಹೇಳುತ್ತಿರಬಹುದು. ಕಂಪ್ಯೂಟರ್ ಪೂರ್ತಿ ಏಳುವ ಮೊದಲೇ ಬರುವ ಒಂದು ಪರದೆಯಲ್ಲಿ ಬಿಸಿ ಬೇರೆಯಾಗಿ ಕಾಣುತ್ತದೆ, ಅಲ್ಲಿ ನೋಡಿದರು. ಎಪ್ಪತ್ತೆರಡು. ಸುಳ್ಳಲ್ಲ. ಎರಡನೆಯದು: ನಮಗೆ ಕಾಣದ ಹಾಗೆ ಒಳಗೊಳಗೇ ಏನೋ ದುಡಿಯುತ್ತಿರಬಹುದು. ಅವಳು ಚಾಲೂ ಇರುವ ಕೆಲಸಗಳ ಪಟ್ಟಿ ತೆರೆದಳು. ಪ್ರೊಸೆಸರ್ ನೂರಕ್ಕೆ ಮೂರು ಪಾಲೂ ದುಡಿಯುತ್ತಿರಲಿಲ್ಲ.

"ಸೋಮಾರಿ," ಎಂದು ಮಾವ ಅದನ್ನೂ ಹೊಡೆದುಹಾಕಿದರು. "ಫ್ಯಾನು?"

ಪಕ್ಕದ ಮುಚ್ಚಳ ತೆಗೆದು ನೋಡಿದರು. ಕೂಲರಿನ ಮೇಲೆ ಕೂತಿದ್ದ ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು.

"ಧೂಳು ಅಂತೂ ಅಲ್ಲ. ಅದನ್ನ ಬರೆಯೋದೂ ಬೇಡ. ನಾನೇ ಹಲ್ಲುಜ್ಜಿದ ಹಾಗೆ ಉಜ್ಜಿದ್ದೀನಿ," ಎಂದರು. ಅತ್ತೆಯ ಟೇಬಲ್ ಫ್ಯಾನು ತಂದು ತೆರೆದ ಡಬ್ಬದೊಳಕ್ಕೆ ಗಾಳಿ ಬಿಟ್ಟರು. ಹತ್ತು ನಿಮಿಷ ಕಾದರು. ಎಪ್ಪತ್ತೆರಡಕ್ಕೆ ಇಳಿಯಿತು, ಅಷ್ಟೇ. ಚೀಟಿಯಲ್ಲಿ ಬರೆದದ್ದೆಲ್ಲ ಮುಗಿದು ಗಂಟೆ ಹನ್ನೊಂದೂವರೆಯಾಗಿತ್ತು.

ಆಗಲೇ ಬೀಗರು ಬಂದರು. ಸೊಸೆಯ ಅಪ್ಪ ಟೈಲ್ಸ್ ಹಾಕುವ ಮೇಸ್ತ್ರಿ. ಹಿಂದಿನ ಬೀದಿಯಲ್ಲಿ ಕೆಲಸ ಹಿಡಿದಿದ್ದರಿಂದ ದಿನಾ ಈ ಹೊತ್ತಿಗೆ ಮೊಮ್ಮಗಳನ್ನು ನೋಡಲು ಬರುತ್ತಿದ್ದರು. ಮೊಣಕಾಲಿನ ಮೇಲೆ ಬಿಳಿ ಗಾರೆ, ಉಗುರಿನ ಸಂದಿನಲ್ಲಿ ಬಿಳಿ ಗಾರೆ, ದನಿಯಂತೂ ಖಾಲಿ ಮನೆಯಲ್ಲಿ ಕೂಗಿ ಕೂಗಿ ಅಭ್ಯಾಸವಾದ ದನಿ.

"ಏನ್ ಬೀಗರೇ, ಗಡಿಯಾರ ಸಾಲ್ದೂಂತ ಇದರ ಹೊಟ್ಟೇನೂ ಕೊಯ್ದ್ರಾ?"

"ಮೆತ್ತಗೆ ಮಾತಾಡಿ, ಮಗು ಮಲಗಿದೆ. ನಿಮ್ಮ ಮಗಳ ಕೆಲಸ ಇದರೊಳಗೆ ಸಿಕ್ಕೊಂಡಿದೆ."

ಮಗಳು ವಿಷಯ ಹೇಳಿದಳು. ಮೇಸ್ತ್ರಿ ಮಂಡಿಯೂರಿ ಡಬ್ಬದೊಳಗೆ ಇಣುಕಿದರು. ಯಾರೂ ಬೇಡ ಅನ್ನುವ ಮೊದಲೇ ಕೈ ಹಾಕಿ ಕೂಲರಿನ ತಗಡುಗಳನ್ನು ಮುಟ್ಟಿದರು.

"ಬಿಸಿ ಬಿಸಿ ಅಂತ ಬಡ್ಕೋತಿದ್ದೀರಲ್ಲ, ಎಲ್ಲಿದೆ ಬಿಸಿ? ಇದು ತಣ್ಣಗೆ ಕೂತಿದೆ."

"ಏನು?" ಮಾವ ಎದ್ದು ಬಂದು ತಾವೂ ಮುಟ್ಟಿದರು. ಮೇಲೆ ಮುಟ್ಟಿದರು, ಬುಡದಲ್ಲಿ ಬೆರಳು ತೂರಿಸಿ ಮುಟ್ಟಿದರು. ಪರದೆ ಎಪ್ಪತ್ತಮೂರು ಅನ್ನುತ್ತಿತ್ತು. ಬುಡ ಗೋಡೆಯಷ್ಟೇ ತಣ್ಣಗಿತ್ತು. ಅವರು ಕೈ ಹಿಂತೆಗೆದುಕೊಳ್ಳಲಿಲ್ಲ. ಮುಖ ಮಾತ್ರ ಸ್ವಲ್ಪ ಸ್ವಲ್ಪವೇ ಬದಲಾಯಿತು.

"ಕೆಳಗೆ ಬೆಂಕಿ, ಮೇಲೆ ಪಾತ್ರೆ ತಣ್ಣಗೆ," ಎಂದು ಮೇಸ್ತ್ರಿ ಎದ್ದು ನಿಂತರು. "ಅಂದ್ರೆ ಎರಡೂ ಒಂದಕ್ಕೊಂದು ಹಿಡಿದಿಲ್ಲ. ಕೂರ್ಸಿದ ಕೆಲಸ ಸರಿಯಿಲ್ಲ. ಯಾವನು ಕೂರ್ಸಿದ್ದು ಇದನ್ನ? ಅವನ ಕೈಗಿಷ್ಟು…"

ಅಡುಗೆಮನೆಯಲ್ಲಿ ರೇಡಿಯೋ ನಿಂತಿತು. ಸೊಸೆ ಅಪ್ಪನತ್ತ ಕಣ್ಣು ದೊಡ್ಡದು ಮಾಡಿದಳು. ಅವಳಪ್ಪನಿಗೆ ಕಣ್ಸನ್ನೆ ಅರ್ಥವಾಗುವುದು ಯಾವಾಗಲೂ ಒಂದು ನಿಮಿಷ ತಡವಾಗಿ.

"ನಾನೇ," ಎಂದರು ಮಾವ.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. "ಅಲ್ಲ, ಕೂರ್ಸಿದ್ದು ಚೆನ್ನಾಗೇ ಇರ್ಬಹುದು. ನೋಡಕ್ಕೆ ನೀಟಾಗಿದೆ…"

"ಬೆಣ್ಣೆ ಹಚ್ಬೇಡಿ ಬೀಗರೇ, ನಿಮಗದು ಬರಲ್ಲ. ಬಿಚ್ಚೋಣ."

ಸ್ವಿಚ್ ಆರಿಸಿ, ವೈರುಗಳನ್ನು ಕಳಚಿ, ಡಬ್ಬವನ್ನು ಗಡಿಯಾರದ ಮೇಜಿಗೆ ಒಯ್ದರು. ಆ ಮೇಜಿನ ಮೇಲೆ ಬಿಳಿ ಬಟ್ಟೆ, ಅಂಚಿಗೆ ಎತ್ತರಿಸಿದ ಪಟ್ಟಿ; ಬಿದ್ದ ಸ್ಕ್ರೂ ನೆಲಕ್ಕೆ ಹೋಗಬಾರದೆಂದು. ಮಾವ ಕೂಲರಿನ ನಾಲ್ಕು ಸ್ಕ್ರೂ ಬಿಚ್ಚಿದರು. ಸ್ಪ್ರಿಂಗ್ ಹೊದ್ದ ಸ್ಕ್ರೂಗಳು. ಎರಡೇ ಬೆರಳಿನ ಬಲಕ್ಕೆ ಸಡಿಲಾಗಿ ಬಂದವು. ಕೂಲರ್ ಎತ್ತಿ ಬೋರಲು ಹಾಕಿದರು.

ಪ್ರೊಸೆಸರ್ ಮತ್ತು ಕೂಲರ್ ನಡುವೆ ಒಂದು ಬಗೆಯ ಬೂದು ಪೇಸ್ಟು ಹಚ್ಚುತ್ತಾರೆ. ಎರಡು ಲೋಹದ ನಡುವಿನ ಕಣ್ಣಿಗೆ ಕಾಣದ ಸಂದುಗಳನ್ನು ತುಂಬಿ ಬಿಸಿಯನ್ನು ದಾಟಿಸುವುದು ಅದರ ಕೆಲಸ. ಇಲ್ಲಿ ಪೇಸ್ಟು ನಟ್ಟನಡುವೆ ಕಿರುಬೆರಳಿನ ಉಗುರಿನಷ್ಟು ಜಾಗಕ್ಕೆ ಹರಡಿ ಒಣಗಿತ್ತು. ಸುತ್ತ ಲೋಹ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಪೂರ್ತಿ ಟೊಳ್ಳು," ಎಂದರು ಮೇಸ್ತ್ರಿ ಮೆಲ್ಲಗೆ. "ನಡುವೆ ಒಂದು ಉಂಡೆ ಗಾರೆ ಇಟ್ಟು ಟೈಲ್ ಕೂರ್ಸಿದ ಹಾಗಾಗಿದೆ. ತಟ್ಟಿದ್ರೆ ಡಬ್ಬದ ಸದ್ದು ಬರತ್ತೆ. ಎಷ್ಟು ಹಚ್ಚಿದ್ರಿ?"

ಮಾವ ಡ್ರಾಯರಿನಿಂದ ಪೇಸ್ಟಿನ ಕೊಳವೆ ತೆಗೆದರು. ಅದು ತುಂಬಿಯೇ ಇತ್ತು. ಪಕ್ಕದಲ್ಲಿ ಗಡಿಯಾರಕ್ಕೆ ಎಣ್ಣೆ ಇಡುವ ಸೂಜಿ. "ಇದರ ತುದೀಲಿ ಬಂದಷ್ಟು. ಸಾಸಿವೆ ಕಾಳಿನಷ್ಟೂ ಇಲ್ಲ."

ನಲವತ್ತೊಂದು ವರ್ಷ ಅವರು ಮಾಡಿದ್ದು ಅದನ್ನೇ. ಗಡಿಯಾರಕ್ಕೆ ಎಣ್ಣೆ ಕಡಿಮೆಯಾದರೆ ಎಷ್ಟೋ ದಿನ ಓಡುತ್ತದೆ. ಹೆಚ್ಚಾದರೆ ಹರಿದು ಚಕ್ರದ ಹಲ್ಲಿಗೆ ಹತ್ತಿ, ಧೂಳು ಹಿಡಿದು ನಿಲ್ಲುತ್ತದೆ. ಸ್ಕ್ರೂ ಸಡಿಲವಿದ್ದರೆ ಮತ್ತೆ ಬಿಗಿ ಮಾಡಬಹುದು, ಬಿಗಿ ಹೆಚ್ಚಾದರೆ ತಲೆಯೇ ಕೈಗೆ ಬರುತ್ತದೆ. ಹೆಚ್ಚು ಎಣ್ಣೆ ಹಾಕುವವರನ್ನು ಅವರು ಕಟುಕರು ಎಂದು ಬೈಯುತ್ತಿದ್ದರು. ಆ ಕೈಯೇ ಇಲ್ಲಿ ತಪ್ಪಿತ್ತು.

ಅದನ್ನೇ ಯೋಚಿಸುತ್ತ ಅವರು ಬಹಳ ಹೊತ್ತು ಕೂರಲಿಲ್ಲ. ಹನ್ನೆರಡು ಹತ್ತಾಗಿತ್ತು.

"ಎಷ್ಟು ಹಾಕ್ಬೇಕಂತೆ ನೋಡಮ್ಮ."

ಸೊಸೆ ಫೋನಿನಲ್ಲಿ ಹುಡುಕಿದಳು. "ಮೆಣಸಿನ ಕಾಳಿನಷ್ಟು ಅಂತಿದೆ. ಒತ್ತಿದಾಗ ಅಂಚಿನವರೆಗೂ ಹರಡಬೇಕು."

"ಮೆಣಸಿನ ಕಾಳು ಯಾತಕ್ಕೆ ಸಾಲತ್ತೆ? ಗಾರೆ ಹಚ್ಚೋ ಕರಣೆ ತಗೊಂಡು ಇಷ್ಟು ದಪ್ಪ ಬಳೀರಿ," ಮೇಸ್ತ್ರಿ ಬೆರಳು ಮಡಚಿ ತೋರಿಸಿದರು.

"ಇದು ಬಚ್ಚಲುಮನೆ ಅಲ್ಲ ಬೀಗರೇ."

"ನಿಮ್ಮ ಸೂಜಿಗಿಂತ ನನ್ನ ಕರಣೆ ವಾಸಿ."

"ಇಬ್ರೂ ಸುಮ್ನಿರಿ," ಎಂದರು ಅತ್ತೆ. ಅಡುಗೆಮನೆಯಿಂದ ಬಂದು ಅಂಗೈ ಚಾಚಿದರು. ನಡುವೆ ಒಂದು ಮೆಣಸಿನ ಕಾಳಿತ್ತು. "ಇಷ್ಟು. ಕಣ್ಣು ಬಿಟ್ಟು ನೋಡಿ ಹಾಕಿ."

ಮಾವ ಹತ್ತಿಗೆ ಸ್ಪಿರಿಟ್ ಅದ್ದಿ ಎರಡೂ ಕಡೆ ಒರೆಸಿದರು. ಕೊಳವೆ ಒತ್ತಿದರು. ಕಾಳಿನ ಅರ್ಧದಷ್ಟು ಬಂದಾಗ ಕೈ ತಾನಾಗಿ ನಿಂತಿತು. ಕೂಲರ್ ಕೂರಿಸಿ ಸ್ಕ್ರೂ ತಿರುಗಿಸಲು ಹೊರಟರು.

"ನಿಲ್ಲಿ," ಎಂದರು ಮೇಸ್ತ್ರಿ. "ಯಾವ ಮನೆಗೆ ಹೋದ್ರೂ ನಾನು ಮೊದ್ಲನೇ ಟೈಲ್ ಕೂರ್ಸಿ, ಒತ್ತಿ, ಮತ್ತೆ ಎತ್ತಿ ನೋಡ್ತೀನಿ. ಅಡಿ ಎಷ್ಟು ಹಿಡಿದಿದೆ ಅಂತ. ಮನೆ ಯಜಮಾನ ಬೈದ್ರೂ ಬಿಡಲ್ಲ. ಒತ್ತಿ, ಎತ್ತಿ ನೋಡಿ."

ಮಾವ ಒತ್ತಿದರು, ಎತ್ತಿದರು. ಪೇಸ್ಟು ಮೂರು ಮೂಲೆಗೆ ತಲುಪಿಯೇ ಇರಲಿಲ್ಲ. ಮತ್ತೆ ಒರೆಸಿದರು. ಈ ಸಲ ಅತ್ತೆಯ ಅಂಗೈಯನ್ನು ಪಕ್ಕದಲ್ಲೇ ಹಿಡಿಸಿಕೊಂಡು, ಹಲ್ಲು ಕಚ್ಚಿ, ಪೂರ್ತಿ ಕಾಳಿನಷ್ಟು ಹಾಕಿದರು. ಕಣ್ಣೆದುರು ದುಂದುವೆಚ್ಚ ಕಂಡವರ ಹಾಗಿತ್ತು ಮುಖ.

ಹನ್ನೆರಡು ಐವತ್ತಕ್ಕೆ ಚಾಲೂ ಮಾಡಿದರು. ನಾಲ್ವರೂ ಅಂಕಿ ನೋಡುತ್ತ ನಿಂತರು. ಬಿಸಿ ಐವತ್ತೈದಕ್ಕೆ ನಿಂತಿತು.

"ಬಂತು ನೋಡಿ ದಾರಿಗೆ!" ಮೇಸ್ತ್ರಿ ಬೀಗರ ಬೆನ್ನಿಗೆ ಒಂದು ಬಿಟ್ಟರು. ಅದೇ ಹೊಡೆತಕ್ಕೆ ಮಗು ಎದ್ದು ಅತ್ತಿತು.

ಸೊಸೆ ಫೈಲು ಹೊರತೆಗೆಯುವ ಕೆಲಸ ಶುರು ಮಾಡಿದಳು. ಎಪ್ಪತ್ತು. ಎಂಬತ್ತು. ಹತ್ತು ನಿಮಿಷಕ್ಕೆ ತೊಂಬತ್ತೊಂದು. ತೊಂಬತ್ತನಾಲ್ಕು. ಯಂತ್ರ ತಾನಾಗಿ ಆರುವ ಮೊದಲೇ ಅವಳೇ ಕೆಲಸ ನಿಲ್ಲಿಸಿದಳು.

ಆಗ ಒಂದು ಹತ್ತಾಗಿತ್ತು. ಹೊರತೆಗೆಯಲು ಎರಡೂಕಾಲು ಗಂಟೆ, ಕಳಿಸಲು ಅರ್ಧ ಗಂಟೆ ಬೇಕು. ಮಧ್ಯಾಹ್ನ ಎರಡರೊಳಗೆ ಶುರುವಾಗದಿದ್ದರೆ ಆಟ ಮುಗಿಯಿತು.

"ನಾಳೆ ಕಳಿಸ್ತೀನಿ ಅಂತ ಕೇಳ್ಕೊಂಡ್ರೆ?" ಎಂದರು ಅತ್ತೆ.

"ಕೇಳಲ್ಲ ಅತ್ತೆ," ಎಂದಳು ಸೊಸೆ. "ಮೊದ್ಲನೇ ಕೆಲಸಕ್ಕೇ ಮಷೀನ್ ಕೆಟ್ಟಿತ್ತು ಅಂದವಳನ್ನ ನಾನೇ ಆಗಿದ್ರೂ ತಗೋತಿರ್ಲಿಲ್ಲ. ಮಾವ, ಸ್ಕ್ರೂ ಬಿಗಿ ಇದ್ಯಾ?"

"ಬಿಗಿ ಮಾಡಿದ್ದೀನಲ್ಲ."

ಅವಳು ಒಂದು ಉಸಿರು ತೆಗೆದುಕೊಂಡಳು. ಎರಡು ತಿಂಗಳಿಂದ ಬಚ್ಚಿಟ್ಟಿದ್ದು ಈಗ ಹೊರಗೆ ಬರದಿದ್ದರೆ ಮುಂದೆ ಬಂದೂ ಉಪಯೋಗವಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಗಡಿಯಾರಕ್ಕೆ ಮಾಡಿದಷ್ಟು ಮಾಡಿದ್ದೀರಿ. ಇದಕ್ಕೆ ಸಾಲಲ್ಲ. ಸ್ಕ್ರೂ ತಾನಾಗಿ ನಿಲ್ಲೋವರೆಗೂ ತಿರುಗಿಸ್ಬೇಕು ಅಂತ ಫೋನಲ್ಲಿದೆ. ನೀವು ಮಧ್ಯದಲ್ಲೇ ಬಿಟ್ಟಿದ್ದೀರಿ. ಆವತ್ತೂ ಹಾಗೇ ಬಿಟ್ಟಿದ್ರಿ."

ಮಾವ ಅವಳ ಮುಖ ನೋಡಿದರು, ಕಂಪ್ಯೂಟರ್ ನೋಡಿದರು.

"ಕೆಳಗಿನ ಬೋರ್ಡ್ ಬಿರುಕು ಬಿಟ್ರೆ?"

"ನನಗೆ ಕೊಡಿ, ನಾನು ಬಿಗೀತೀನಿ," ಮೇಸ್ತ್ರಿ ತೋಳು ಏರಿಸಿದರು.

"ಅಪ್ಪ, ನೀನು ಬೇಡ. ನಿನ್ನ ಕೈಗೆ ಶುರು ಮಾಡೋದು ಗೊತ್ತು, ನಿಲ್ಲಿಸೋದು ಗೊತ್ತಿಲ್ಲ. ಸ್ಕ್ರೂ ಕೊನೆ ಮುಟ್ಟಿದ್ದು ಬೆರಳಿಗೆ ತಿಳಿಯೋದು ಮಾವಂಗೆ ಮಾತ್ರ."

ಮಾವ ಸಣ್ಣ ಸ್ಕ್ರೂಡ್ರೈವರನ್ನು ಡಬ್ಬಿಗೆ ಹಾಕಿದರು. ಬೀಗರ ಚೀಲದಿಂದ ದಪ್ಪ ಹಿಡಿಯದೊಂದನ್ನು ತೆಗೆದುಕೊಂಡರು. ಸ್ವಿಚ್ ಆರಿಸಿದ್ದನ್ನು ಎರಡು ಸಲ ನೋಡಿ, ಮೊದಲ ಸ್ಕ್ರೂಗೆ ಅರ್ಧ ಸುತ್ತು ಕೊಟ್ಟರು. ಆಮೇಲೆ ಅದರ ಎದುರು ಮೂಲೆಗೆ ಅರ್ಧ ಸುತ್ತು. ಹೀಗೆ ಮೂಲೆಯಿಂದ ಮೂಲೆಗೆ. ಒಂದು ಸುತ್ತು. ಒಂದೂವರೆ. ಒಳಗೆಲ್ಲೋ ಕಿರ್ ಎಂದಿತು, ಅವರು ಸ್ಕ್ರೂಡ್ರೈವರ್ ಎತ್ತಿದರು.

"ನಿಂತಿತಾ?" ಎಂದಳು ಸೊಸೆ.

"ಇಲ್ಲ."

"ಹಾಗಾದ್ರೆ ಇನ್ನೂ ಇದೆ ಮಾವ."

ಎರಡು ಸುತ್ತು. ಎರಡೂಕಾಲು. ಸ್ಕ್ರೂ ಕೊನೆ ಮುಟ್ಟಿತು. ಉಳಿದ ಮೂರೂ ಅಲ್ಲಿಗೇ ಬಂದು ನಿಂತವು. ಮಾವ ಕೂಲರನ್ನು ಹಿಡಿದು ಅಲುಗಿಸಿದರು. ಅದರ ಜೊತೆ ಇಡೀ ಡಬ್ಬವೇ ಅಲುಗಿತು.

"ಇದು ಕೂತಿದ್ದು," ಎಂದರು ಮೇಸ್ತ್ರಿ.

ಚಾಲೂ ಮಾಡಿದರು. ಮೂವತ್ತೆಂಟು. ನಲವತ್ತು. ಐದು ನಿಮಿಷ ಕಾದರು. ನಲವತ್ತೊಂದರ ಮೇಲೆ ಅದು ಏಳಲಿಲ್ಲ. ಒಂದು ಐವತ್ತಕ್ಕೆ ಸೊಸೆ ಹೊರತೆಗೆಯುವ ಕೆಲಸ ಮತ್ತೆ ಶುರು ಮಾಡಿದಳು. ಐವತ್ತೆಂಟು, ಅರವತ್ತಾರು, ಅರವತ್ತೊಂಬತ್ತು. ಮಾವ ಕೂಲರಿನ ತಗಡು ಮುಟ್ಟಿ ಕೈ ಹಿಂತೆಗೆದರು.

"ಬಿಸಿ!" ಎಂದರು. ಬಿಸಿಯಾಯಿತೆಂದು ಅಷ್ಟು ಹಿಗ್ಗಿದವರನ್ನು ಅತ್ತೆ ಅದೇ ಮೊದಲು ನೋಡಿದ್ದು.

ಮೇಸ್ತ್ರಿ ಕೆಲಸಕ್ಕೆ ಹೋಗಲಿಲ್ಲ. ಆಳುಗಳಿಗೆ ಫೋನಿನಲ್ಲೇ ಕೂಗಿ ಹೇಳಿ, ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಜಗಲಿ ಹಿಡಿದರು. ಮಾವ ಸ್ಟೂಲಿನಲ್ಲಿ ಕೂತು, ಪರದೆಯ ಮೇಲೆ ಸರಿಯುವ ಹಸಿರು ಪಟ್ಟಿ ನೋಡುತ್ತಿದ್ದರು. ಮೂವತ್ತು ಪರ್ಸೆಂಟ್ ದಾಟಿದ ಮೇಲೆ ಕೇಳಿದರು.

"ಮೊದ್ಲು ಎಷ್ಟಿತ್ತು, ನಿಜವಾಗ್ಲೂ?"

"ಮೂವತ್ತೊಂಬತ್ತು."

"ನಾನು ಕೈ ಹಾಕಿದ ಮೇಲೆ?"

"ಆವತ್ತೇ ಸಂಜೆ ಅರವತ್ತೆರಡು."

ಅವರು ಲೆಕ್ಕ ಹಾಕುವವರ ಹಾಗೆ ತಲೆಯಾಡಿಸಿದರು. "ಎರಡು ತಿಂಗಳು ಹೊಟ್ಟೇಲಿ ಇಟ್ಕೊಂಡಿದ್ಯಲ್ಲೇ ತಾಯಿ."

"ಅಷ್ಟು ಖುಷಿಯಾಗಿದ್ರಿ. ಧೂಳನ್ನ ಬೇರೆ ಪೊಟ್ಟಣ ಕಟ್ಟಿ ಇಟ್ಟಿದ್ರಿ."

"ನಾನು ಬೇಜಾರಾಗಿದ್ರೆ ಒಂದು ದಿನ. ನಿನ್ನ ಕೆಲಸ ಹೋಗಿದ್ರೆ?" ಎಂದರು. ಗದರಿದ ದನಿಯಾಗಿರಲಿಲ್ಲ. "ನಾನು ಯಾರದೋ ಗಡಿಯಾರ ಕೆಡಿಸಿದ್ರೆ ಅವರು ಬಂದು ಮುಖಕ್ಕೆ ಎಸೀತಾರೆ. ಅದಕ್ಕೇ ಇಷ್ಟಾದ್ರೂ ಕಲ್ತಿದ್ದೀನಿ. ಮನೆಯವ್ರೇ ಮುಚ್ಚಿಟ್ರೆ ಕಲಿಯೋದು ಎಲ್ಲಿ?"

ಸೊಸೆ ಎದ್ದು ಹೋಗಿ ಮಾವನಿಗೂ ಅಪ್ಪನಿಗೂ ಟೀ ತಂದಳು.

ನಾಲ್ಕು ಗಂಟೆ ಎಂಟು ನಿಮಿಷಕ್ಕೆ ಪಟ್ಟಿ ತುಂಬಿತು. ಅವಳು ಫೈಲನ್ನು ಕಳಿಸಲು ಹಾಕಿ, ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು. ನಾಲ್ಕು ನಲವತ್ತೊಂದಕ್ಕೆ 'ಹೋಗಿದೆ' ಎಂದು ಬಂತು. ಜಗಲಿಯಿಂದ ಮೇಸ್ತ್ರಿಯೂ ಒಳಗೆ ಬಂದು ಬಾಗಿಲಿಗೊರಗಿದ್ದರು.

ಐದು ಗಂಟೆ ಇಪ್ಪತ್ತಕ್ಕೆ ಉತ್ತರ ಬಂತು. ಅವಳು ಗಟ್ಟಿಯಾಗಿ ಓದಿದಳು. 'ತಲುಪಿದೆ. ಮೂವತ್ತೊಂದನೇ ನಿಮಿಷದಲ್ಲಿ ಒಂದು ಸಾಲು ಎರಡು ಸೆಕೆಂಡ್ ತಡವಾಗಿ ಬರುತ್ತಿದೆ. ಸರಿಪಡಿಸಿ ನಾಳೆ ಹತ್ತರೊಳಗೆ ಮತ್ತೆ ಕಳಿಸಿ.' ಅಷ್ಟೇ ಇತ್ತು.

"ಇದೇನು?" ಮೇಸ್ತ್ರಿಗೆ ಸಿಟ್ಟು ನೆತ್ತಿಗೇರಿತು. "ಒಂಬತ್ತು ದಿನ ಕಣ್ಣು ಕೆಂಪು ಮಾಡ್ಕೊಂಡು ಮಾಡಿದ್ದಾಳೆ, ಚೆನ್ನಾಗಿದೆ ಅಂತ ಒಂದು ಮಾತಿಲ್ಲ! ಎರಡು ಸೆಕೆಂಡಂತೆ! ಎರಡು ಸೆಕೆಂಡಿಗೆ ಯಾರ ಮನೆ ಮುಳುಗೋಗತ್ತೆ?"

"ಎರಡು ಸೆಕೆಂಡು ಅಂದ್ರೆ ಬಹಳ ಆಯ್ತು ಬೀಗರೇ," ಎಂದರು ಗಡಿಯಾರದವರು.

ಸೊಸೆ ಇನ್ನೊಮ್ಮೆ ಓದಿದಳು. ಬೆಳಿಗ್ಗೆಯಿಂದ ಬಿಗಿದಿದ್ದ ಅವಳ ಭುಜ ಕೆಳಗಿಳಿಯಿತು.

"ಅಪ್ಪ, ಬೇಡ ಅನ್ನಿಸಿದವರಿಗೆ ಯಾರೂ ತಪ್ಪು ತೋರ್ಸಲ್ಲ. ಥ್ಯಾಂಕ್ಸ್ ಅಂತ ಬರೆದು ಮುಂದಿನವರನ್ನ ಕರೀತಾರೆ. ತಿದ್ದಿ ಕಳಿಸಿ ಅಂದಿದ್ದಾರೆ ಅಂದ್ರೆ ನನ್ನನ್ನ ಇಟ್ಕೊಂಡ್ರು."

"ಇದೊಳ್ಳೆ ಇಟ್ಕೊಳ್ಳೋ ರೀತಿ," ಎಂದು ಮೇಸ್ತ್ರಿ ಗೊಣಗಿದರು. ಅತ್ತೆ ಅವರ ಕೈಯಿಂದ ಮಗುವನ್ನು ತೆಗೆದುಕೊಂಡು, "ನಾಳೆ ಹತ್ತಕ್ಕಲ್ವಾ? ಈಗ ಏಳು, ಊಟ ಕೂಡ ಮಾಡಿಲ್ಲ ನೀನು," ಎಂದರು.

"ಒಂದ್ನಿಮಿಷ ಅತ್ತೆ."

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಮೂವತ್ತೊಂದನೇ ನಿಮಿಷಕ್ಕೆ ಹೋದಳು. ಮೇಷ್ಟ್ರು ಬಾಯಿ ತೆರೆದು ಮಾತು ಶುರು ಮಾಡುತ್ತಿದ್ದರು. ಕೆಳಗೆ ಇನ್ನೂ ಅಕ್ಷರವಿರಲಿಲ್ಲ. ಮಾವ ಭೂತಗನ್ನಡಿಯನ್ನು ಹಣೆಯಿಂದ ತೆಗೆದಿಟ್ಟು ಅವಳ ಹಿಂದೆ ಬಂದು ನಿಂತರು. ಅವಳು ಆ ಸಾಲನ್ನು ಹಿಡಿದು, ಬೇಗ ಮೂಡಲೆಂದು ಎಡಕ್ಕೆ ಎಳೆದಳು.

"ಇನ್ನೂ ಒಂಚೂರು," ಎಂದರು ಮಾವ. "ಹಾಂ, ಅಲ್ಲೇ. ಬಿಡು."